ತೇಲಿಸುವ ಉಪ್ಪಕ್ಕ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಹಿಂಬಾಗಿಲಿನ ಬೀಗ ತೆಗೆದು ಒಳಗೆ ಬರುವ ಉಪ್ಪಕ್ಕ ಮೊದಲು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕುತ್ತಾರೆ. ಅಂಗಾಲಿಗೆ ಉಪ್ಪು ಗರಗರ ಎಂದರೆ ರಾತ್ರಿ ಎಲ್ಲೋ ನೀರು ಜಿನುಗಿದೆ ಎಂದರ್ಥ. ಇವತ್ತು ನೆಲ ನುಣ್ಣಗಿದೆ. ದೀಪ ಹಾಕಿ, ತೊಟ್ಟಿಯ ಬಿಳಿ ಮುಚ್ಚಳ ಎತ್ತುತ್ತಾರೆ. ಬೆಚ್ಚಗಿನ ಹಬೆ ಮುಖಕ್ಕೆ ಬಡಿಯುತ್ತದೆ. ಗೋಡೆಯಲ್ಲಿ ಶಾಖ ತೋರಿಸುವ ಯಂತ್ರವಿದೆ. ಆದರೂ ಕೂಸಿಗೆ ನೀರು ಹದ ಮಾಡುವ ಬಾಣಂತಿಯ ತಾಯಿಯ ಹಾಗೆ ಮೊದಲು ಮೊಣಕೈ ಅದ್ದಿ ನೋಡುತ್ತಾರೆ. “ಮೂವತ್ತೈದು” ಎನ್ನುತ್ತಾರೆ. ಆಮೇಲೆ ಯಂತ್ರದ ಕಡೆ ತಿರುಗುತ್ತಾರೆ. ಯಂತ್ರವೂ ಅದನ್ನೇ ಹೇಳುತ್ತದೆ.

ನಂತರದ ಸರದಿ ಗಾಜಿನ ಕಡ್ಡಿಯದು. ನೀರಿನ ಗಟ್ಟಿತನ ಅಳೆಯುವ ಆ ಕಡ್ಡಿಯನ್ನು ಇಳಿಬಿಟ್ಟು, ಅದು ಓಲಾಡುವುದನ್ನು ನಿಲ್ಲಿಸುವ ತನಕ ಬಗ್ಗಿ ಕಾಯುತ್ತಾರೆ. ಒಂದು ಪಾಯಿಂಟ್ ಎರಡು ಆರು ಇದ್ದರೆ ಎಂಥ ದಢೂತಿ ಆಸಾಮಿಯೂ ಬೆಂಡಿನ ಹಾಗೆ ತೇಲುತ್ತಾನೆ. ಇವತ್ತು ಒಂದು ಕೂದಲೆಳೆ ಕಡಿಮೆ. ಮೂಲೆಯ ಮೂಟೆಯಿಂದ ಎರಡು ಬಕೆಟ್ ಎಪ್ಸಮ್ ಉಪ್ಪು ತಂದು ಸುರಿದು, ಮರದ ಹುಟ್ಟಿನಂಥ ಕೋಲಿನಿಂದ ತಿರುವುತ್ತಾರೆ.

“ಉಪ್ಪಿಗಿಂತ ರುಚಿ ಇಲ್ಲ ಅಂದೋರು ಈ ಉಪ್ಪನ್ನ ನೆಕ್ಕಿ ನೋಡಿಲ್ಲ. ಇದು ಕಹಿ. ಅಡುಗೆಗೆ ಬೇಡ, ಉಪ್ಪಿನಕಾಯಿಗೂ ಬೇಡ. ಜನರನ್ನ ಎತ್ತಿ ಹಿಡಿಯೋಕೆ ಮಾತ್ರ ಬೇಕು” ಎನ್ನುತ್ತಾರೆ.

ದುಡ್ಡು ಕೊಟ್ಟವರನ್ನು ಉಪ್ಪುನೀರಲ್ಲಿ ತೇಲಿಸುವ ಈ ಕೇಂದ್ರದಲ್ಲಿ ಇಂಥ ತೊಟ್ಟಿಗಳು ಎರಡಿವೆ. ಒಂದೊಂದರಲ್ಲೂ ಮೊಣಕಾಲಿನವರೆಗೂ ಬಾರದಷ್ಟು ನೀರು, ಅದರಲ್ಲಿ ಐನೂರು ಕಿಲೋ ಉಪ್ಪು. ಬರುವವರು ಸ್ನಾನ ಮಾಡಿ, ಕಿವಿಗೆ ಮೇಣದ ಬಿರಡೆ ಇಟ್ಟುಕೊಂಡು, ಕತ್ತಲಲ್ಲಿ ಒಂದು ಗಂಟೆ ಅಂಗಾತ ಮಲಗುತ್ತಾರೆ. ದಿನಕ್ಕೆ ಎಂಟು ಜನ, ಕೆಲವು ದಿನ ಒಂಬತ್ತು. ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಬರುವ ನಡುವಿನ ಅರ್ಧ ಗಂಟೆಯೇ ಉಪ್ಪಕ್ಕನ ನಿಜವಾದ ದುಡಿಮೆ. ಪಂಪು ಹಾಕಿ ನೀರು ಸೋಸಬೇಕು, ಜಾಲರಿಯಲ್ಲಿ ಸಿಕ್ಕಿದ ಕೂದಲು ಬಿಡಿಸಬೇಕು, ಬಾಗಿಲ ಹಿಡಿ, ನಲ್ಲಿ, ಗೋಡೆಯ ಮೇಲೆ ಹೂಬಿಟ್ಟಂತೆ ಕೂರುವ ಬಿಳಿ ಹರಳನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಬೇಕು. ಎಂಟು ವರ್ಷದಲ್ಲಿ ಈ ಉಪ್ಪು ಮೂರು ಬೀಗಗಳನ್ನು, ಒಂದು ಗಡಿಯಾರವನ್ನು, ಲೆಕ್ಕವಿಲ್ಲದಷ್ಟು ತಿರುಪುಗಳನ್ನು ತಿಂದು ತೇಗಿದೆ. ಅವರ ಬೆರಳ ಸಂದುಗಳನ್ನೂ ಬಿಟ್ಟಿಲ್ಲ. ಒಡೆದ ಚರ್ಮಕ್ಕೆ ವ್ಯಾಸಲೀನ್ ಮೆತ್ತಿಕೊಂಡೇ ಕೆಲಸಕ್ಕಿಳಿಯುತ್ತಾರೆ.

ಮನೆಯಲ್ಲಿ ಅವರ ಯಜಮಾನರು, ನಿವೃತ್ತ ಬಸ್ ಕಂಡಕ್ಟರ್, ಇದನ್ನೇ ತಮಾಷೆ ಮಾಡುತ್ತಾರೆ. ಹೆಂಡತಿಯ ಸೀರೆ ಒಣಗಿದ ಮೇಲೆ ಮಡಿಸುವುದೇ ಬೇಡವಂತೆ, ಗೋಡೆಗೆ ಒರಗಿಸಿದರೆ ತಾನೇ ನಿಂತುಕೊಳ್ಳುತ್ತದಂತೆ. ಉಪ್ಪಕ್ಕ ಎಂಬ ಹೆಸರಿಟ್ಟವರೂ ಅವರೇ. ಮೊದಲು ಓಣಿಯವರು ಹಿಡಿದುಕೊಂಡರು, ಆಮೇಲೆ ಬರುವ ಗಿರಾಕಿಗಳು. ಈಗ ಹುಟ್ಟುಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿದೆ.

ಹೊಸಬರಿಗೆ ಅವರು ಹೇಳುವ ಬುದ್ಧಿಮಾತು ಚಿಕ್ಕದು: ಕಣ್ಣು ಉಜ್ಜಬೇಡಿ, ಎಲ್ಲಾದರೂ ಗೀರಿದ್ದರೆ ಮೊದಲೇ ಹೇಳಿ. “ಬೆಳಿಗ್ಗೆ ಗಡ್ಡ ಕೆರ್ಕೊಂಡು ಬಂದೋರಿಗೆ ಒಳಗೆ ಹೋದ ತಕ್ಷಣ ದೇವರು ಕಾಣಿಸ್ತಾನೆ” ಎಂದು ನಗುತ್ತಾರೆ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಒಂದು ಗಂಟೆಯೂ ಕಿವಿ ಅತ್ತಲೇ ಇಟ್ಟಿರುತ್ತಾರೆ. ಒಳಗಿನವರು ಕೆಲವರು ಗೊರಕೆ ಹೊಡೆಯುತ್ತಾರೆ. ಕೆಲವರು ಅಳುತ್ತಾರೆ. ಅತ್ತವರು ಹೊರಗೆ ಬಂದಾಗ ಉಪ್ಪಕ್ಕ ಟವೆಲ್ ಕೊಡುತ್ತಾರೆ, ಒಂದು ಲೋಟ ನೀರು ಕೊಡುತ್ತಾರೆ.

ಈ ಕಟ್ಟಡ ಅವರಿಗೆ ಹೊಸದಲ್ಲ. ಐವತ್ತು ವರ್ಷದ ಹಿಂದೆ ಇದು ಸಾರ್ವಜನಿಕ ಸ್ನಾನದ ಮನೆ. ಸುತ್ತಮುತ್ತಲ ವಠಾರಗಳಿಗೆ ನಲ್ಲಿ ಬಂದಿರಲಿಲ್ಲ. ಸಾಲಾಗಿ ಹನ್ನೆರಡು ಸ್ನಾನದ ಕೋಣೆಗಳು, ಹಿಂದುಗಡೆ ದೊಡ್ಡ ಬಾಯ್ಲರ್. ಅದಕ್ಕೆ ಕಲ್ಲಿದ್ದಲು ಹಾಕುತ್ತಿದ್ದವರು ಉಪ್ಪಕ್ಕನ ಅಪ್ಪ. ಶಾಲೆ ಬಿಟ್ಟ ಮೇಲೆ ಅವರ ಮಗಳು ಬಾಯ್ಲರಿನ ಪಕ್ಕದ ಬೆಚ್ಚಗಿನ ಕಟ್ಟೆಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಳು. ಗೋಡೆಯ ಬಿಳಿ ಟೈಲ್ಸು ಮತ್ತು ಅದರ ನಡುವಿನ ನೀಲಿ ಪಟ್ಟಿ ಈಗಲೂ ಹಾಗೇ ಇದೆ. ಆ ಪಟ್ಟಿಯಲ್ಲಿ ಎಲ್ಲಿ ಬಿರುಕಿದೆ, ಯಾವ ವರ್ಷ ಯಾರ ಬಕೆಟ್ ತಾಗಿ ಬಿಟ್ಟಿತು ಎಂದು ಉಪ್ಪಕ್ಕ ಬೆರಳಿಟ್ಟು ತೋರಿಸಬಲ್ಲರು.

ಶನಿವಾರ ಮಧ್ಯಾಹ್ನ ರೈಲ್ವೆ ಗೂಡ್ಸ್ ಶೆಡ್ಡಿನ ಹಮಾಲರು ಬರುತ್ತಿದ್ದರು. ವಾರವಿಡೀ ಮೂಟೆ ಹೊತ್ತ ಕಾಲುಗಳು. ಅಪ್ಪ ಸಾಲಾಗಿ ತಗಡಿನ ಬೋಗುಣಿ ಇಟ್ಟು, ಬಿಸಿನೀರು ಹೊಯ್ದು, ಒಂದೊಂದಕ್ಕೂ ಎರಡು ಹಿಡಿ ಭೇದಿ ಉಪ್ಪು ಹಾಕುತ್ತಿದ್ದರು. ಇದೇ ಉಪ್ಪು, ಆಗ ಅದಕ್ಕಿದ್ದ ಹೆಸರು ಅಷ್ಟು ಒರಟು. ಹೊಟ್ಟೆ ಕಟ್ಟಿದ ಮಕ್ಕಳಿಗೆ ಅದನ್ನೇ ಅರ್ಧ ಚಮಚ ಕುಡಿಸುತ್ತಿದ್ದ ಕಾಲ. ಹಮಾಲರು ಬೆಂಚಿನ ಮೇಲೆ ಸಾಲಾಗಿ ಕೂತು ಕಾಲು ಇಳಿಬಿಟ್ಟು, ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು, ಅರ್ಧ ಗಂಟೆ ದೊರೆಗಳಾಗುತ್ತಿದ್ದರು. ಉಪ್ಪು ನೋವನ್ನು ಹೊರಗೆ ಎಳೆಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅವರ ಮಾತಿಗೆ ಯಾರೂ ಪುರಾವೆ ಕೇಳಲಿಲ್ಲ. ನೀರು ಬಿಸಿಯಾಗಿತ್ತು, ಕಾಲು ಹಗುರಾಗುತ್ತಿತ್ತು.

ಮನೆಮನೆಗೆ ನಲ್ಲಿ ಬಂತು. ಸ್ನಾನದ ಮನೆ ಮುಚ್ಚಿತು. ಉಪ್ಪಕ್ಕ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದರು. ಎಂಟು ವರ್ಷದ ಹಿಂದೆ ನೃತ್ಯಗಾರ್ತಿಯೊಬ್ಬರು ಈ ಹಳೆಯ ಕಟ್ಟಡ ಹಿಡಿದರು. ಬೆನ್ನಿಗೆ ಪೆಟ್ಟಾಗಿ ಕುಣಿತ ಬಿಟ್ಟಿದ್ದ ಆಕೆಗೆ ಬೇರೆಲ್ಲೋ ಉಪ್ಪುನೀರಲ್ಲಿ ತೇಲಿ ನೋವು ಇಳಿದಿತ್ತಂತೆ. ಅದೇ ಸುಖವನ್ನು ನಾಲ್ಕು ಜನಕ್ಕೆ ಕೊಡಬೇಕು ಎಂಬ ಆಸೆ. ನೆಲದಡಿಯ ಪೈಪುಗಳು ಎಲ್ಲಿ ಹೋಗುತ್ತವೆಂದು ಯಾವ ನಕ್ಷೆಯಲ್ಲೂ ಇರಲಿಲ್ಲ. ಬಾಯ್ಲರಿನವನ ಮಗಳಿಗೆ ಗೊತ್ತಿರಬಹುದು ಎಂದು ಯಾರೋ ಹೇಳಿದರು. ಉಪ್ಪಕ್ಕ ಬಂದು, ಬರಿಗಾಲಲ್ಲಿ ನಡೆದು, ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದುಕೊಟ್ಟರು. ಅಗೆದಾಗ ಒಂದು ಗೇಣೂ ತಪ್ಪಿರಲಿಲ್ಲ. ಆವತ್ತೇ ಆ ನೃತ್ಯಗಾರ್ತಿ, ಅಂದರೆ ಈಗಿನ ಮೇಡಂ, ಉಪ್ಪಕ್ಕನನ್ನು ಕೆಲಸಕ್ಕೆ ಇಟ್ಟುಕೊಂಡರು.

ಗಿರಾಕಿಗಳಿಗೆ ಹೇಳಲೆಂದು ಮೇಡಂ ಒಂದು ಅಚ್ಚಿನ ಹಾಳೆ ಕೊಟ್ಟಿದ್ದರು. ಬಾಗಿಲಲ್ಲಿ ಅದೇ ಮಾತಿನ ಫಲಕವೂ ಇತ್ತು: ಒಂದು ಗಂಟೆ ತೇಲಿದರೆ ಚರ್ಮ ಮೆಗ್ನೀಸಿಯಂ ಹೀರಿಕೊಂಡು ದೇಹದ ಕೊರತೆ ತುಂಬುತ್ತದೆ. ಮೇಡಂ ಹುಟ್ಟಿಸಿದ ಮಾತಲ್ಲ ಅದು. ತೊಟ್ಟಿ ಕೂರಿಸಿದ ಕಂಪನಿಯವರ ತರಬೇತಿಯಲ್ಲಿ ಹೇಳಿಕೊಟ್ಟಿದ್ದು. ಉಪ್ಪಕ್ಕ ಅದನ್ನು ಬಾಯಿಪಾಠ ಮಾಡಿದರು. “ನೋವು ಹೊರಗೆ ಬರುತ್ತೆ ಅಂತ ಅಪ್ಪ ಹೇಳ್ತಿದ್ರು. ಸತ್ವ ಒಳಗೆ ಹೋಗುತ್ತೆ ಅಂತ ಈ ಹಾಳೆಯಲ್ಲಿ ಬರೆದಿತ್ತು. ಒಂದು ಬರೋದು ಒಂದು ಹೋಗೋದು, ಎರಡೂ ಸರಿ ಇರಬೇಕು ಅಂದ್ಕೊಂಡೆ.”

ಆರು ವರ್ಷ ಹೇಳಿದರು. ಆಮೇಲೆ ಮೂಟೆಮಾವನ ಪ್ರಸಂಗ ನಡೆಯಿತು.

ಮೂಟೆಮಾವ ಆ ಹಳೆಯ ಹಮಾಲರ ಪೈಕಿ ಕೊನೆಗೆ ಉಳಿದವರು. ಒಂದೇ ಸಲಕ್ಕೆ ಎರಡು ಮೂಟೆ ಹೊರುತ್ತಿದ್ದರಂತೆ, ಅದಕ್ಕೇ ಆ ಹೆಸರು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಬಾಯ್ಲರಿನವನ ಮಗಳು ಇಲ್ಲಿದ್ದಾಳೆಂದು ಕೇಳಿ ಹುಡುಕಿಕೊಂಡು ಬಂದರು. ಮೀನಖಂಡ ಸೆಳೆಯುವ ಕಾಯಿಲೆ. ರಕ್ತದೊತ್ತಡಕ್ಕೆ ಅವರು ನುಂಗುತ್ತಿದ್ದ ಮಾತ್ರೆ ಮೂತ್ರದಲ್ಲಿ ಮೆಗ್ನೀಸಿಯಂ ಕೊಚ್ಚಿಕೊಂಡು ಹೋಗುತ್ತಿತ್ತು. ಆ ನಷ್ಟ ತುಂಬಲು ವೈದ್ಯರು ಮೆಗ್ನೀಸಿಯಂ ಮಾತ್ರೆಯನ್ನೂ ಬರೆದುಕೊಟ್ಟಿದ್ದರು. ಮಂಗಳವಾರ ಮಂಗಳವಾರ ಬಂದು ತೇಲತೊಡಗಿದರು. ಹೊರಗೆ ಬಂದಾಗ ಅವರ ಮುಖದಲ್ಲಿ ಹಳೆಯ ಶನಿವಾರಗಳ ಕಳೆ ಇರುತ್ತಿತ್ತು ಎನ್ನುತ್ತಾರೆ ಉಪ್ಪಕ್ಕ. ಒಂದು ಸಲ ಮಾವ ಕೇಳಿದರು, ಈ ಉಪ್ಪಿನ ಸತ್ವ ಮೈಗೆ ಇಳಿಯುತ್ತದೆಯೇ ಎಂದು. ಉಪ್ಪಕ್ಕ ಹಾಳೆಯಲ್ಲಿದ್ದುದನ್ನು ಒಪ್ಪಿಸಿದರು.

ಮೂರು ತಿಂಗಳಾದ ಮೇಲೆ ಒಂದು ಮಂಗಳವಾರ ಮಾವ ಬರಲಿಲ್ಲ. ಬದಲಿಗೆ ಅವರ ಮಗಳ ಫೋನ್ ಬಂತು. ತಿಂಡಿಗೆ ಕೂತಿದ್ದಾಗ ಅಪ್ಪನ ಕೈ ನಡುಗಿತು, ಎದೆ ಹೊಡೆದುಕೊಳ್ಳುತ್ತಿದೆ ಎಂದರು, ಏಳಲು ಹೋಗಿ ಕುಸಿದರು, ಆಸ್ಪತ್ರೆಯಲ್ಲಿದ್ದೇವೆ ಎಂದಳು. ರಕ್ತದಲ್ಲಿ ಮೆಗ್ನೀಸಿಯಂ ಒಂದು ಪಾಯಿಂಟ್ ಏಳಾದರೂ ಇರಬೇಕಾದಲ್ಲಿ ಒಂದು ಪಾಯಿಂಟ್ ಒಂದಕ್ಕೆ ಇಳಿದಿತ್ತು.

ಉಪ್ಪಕ್ಕ ಮಧ್ಯಾಹ್ನ ಓಡಿದರು. ಮಾವನ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದ್ದರು. ಆರು ವರ್ಷದಿಂದ ಮೂಟೆಯ ಮೇಲೆ ಓದುತ್ತಿದ್ದ ಅಕ್ಷರಗಳೇ ಬಾಟಲಿಗೆ ಅಂಟಿಸಿದ ಚೀಟಿಯ ಮೇಲೂ ಇದ್ದವು: ಮೆಗ್ನೀಸಿಯಂ ಸಲ್ಫೇಟ್. ಎಷ್ಟು ಹಾಕಿದ್ದೀರಿ ಎಂದು ನರ್ಸನ್ನು ಕೇಳಿದರು. ಒಂದು ಚಮಚವೂ ಆಗುವುದಿಲ್ಲ ಎಂದು ಆಕೆ ಹೇಳಿದಳು.

“ಐನೂರು ಕಿಲೋದಲ್ಲಿ ಮಲಗಿದಾಗ ಇಳೀದೇ ಇದ್ದದ್ದು, ಒಂದು ಚಮಚದಲ್ಲಿ ಇಳೀತಿತ್ತು” ಎನ್ನುತ್ತಾರೆ.

ಮೆಗ್ನೀಸಿಯಂ ಮಾತ್ರೆ ಬಿಟ್ಟಿದ್ದೀರಾ ಎಂದು ಮಾವನನ್ನು ಕೇಳಿದರು. ಮಾವ ಹೌದೆಂದರು. ಮೈ ತಾನೇ ಕುಡಿಯುವಾಗ ಬಾಯಿಗೇಕೆ ಕಷ್ಟ ಎಂದುಕೊಂಡರಂತೆ. ಆಮೇಲೆ ದನಿ ತಗ್ಗಿಸಿ ಹೇಳಿದ ಮಾತನ್ನು ಉಪ್ಪಕ್ಕ ಇವತ್ತಿಗೂ ಅಕ್ಷರಶಃ ಒಪ್ಪಿಸುತ್ತಾರೆ. “ಯಾರು ಹೇಳಿದ್ದು ಅಂತ ಡಾಕ್ಟರು ಕೇಳಿದ್ರಮ್ಮ. ಮರೆತೋಯ್ತು ಅಂದೆ. ನಿಮ್ಮಪ್ಪನ ಮಾತು ಕೇಳಿ ನನ್ನ ಕಾಲು ಉಳೀತು. ನಿನ್ನ ಮಾತಲ್ಲಿ ತಪ್ಪಿರುತ್ತೆ ಅಂತ ನನಗೆ ಹೊಳೀಲೇ ಇಲ್ಲ.”

ವೈದ್ಯರು ವಾರ್ಡಿಗೆ ಬಂದಾಗ ಉಪ್ಪಕ್ಕ ಎದ್ದು ನಿಂತು, ಹೇಳಿದ್ದು ನಾನು ಎಂದರು. ವೈದ್ಯರು ಬಯ್ಯಲಿಲ್ಲ. ತೇಲುವುದು ಒಳ್ಳೆಯದೇ, ನಿದ್ದೆ ಬರುತ್ತದೆ, ಮೈ ಸಡಿಲಾಗುತ್ತದೆ. ಆದರೆ ಅದನ್ನು ಔಷಧಿಯ ಜಾಗದಲ್ಲಿ ಕೂರಿಸಬಾರದು ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು. ಬಯ್ದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಉಪ್ಪಕ್ಕ.

ಒಂದು ವಾರ ಅವರು ಗಿರಾಕಿಗಳ ಜೊತೆ ಟವೆಲ್ಲು, ಬಿರಡೆ ಬಿಟ್ಟು ಬೇರೆ ಮಾತಾಡಲಿಲ್ಲ. ಎಂಟನೇ ದಿನ ಮೇಡಂ ಮುಂದೆ ನಿಂತು, ಆ ಮಾತನ್ನು ಇನ್ನು ಹೇಳುವುದಿಲ್ಲ ಎಂದರು. ಮೇಡಂ ತಬ್ಬಿಬ್ಬಾದರು. ಜನ ಬರುವುದೇ ಆ ಫಲಕ ನೋಡಿ. ಒಬ್ಬರಿಗೆ ಹೀಗಾಯಿತೆಂದು ಎಲ್ಲವೂ ಸುಳ್ಳಾಗುತ್ತದೆಯೇ, ಸ್ವತಃ ತನ್ನ ಬೆನ್ನು ನೆಟ್ಟಗಾಗಿಲ್ಲವೇ ಎಂದು ವಾದಿಸಿದರು. ಅದಕ್ಕೆ ಉಪ್ಪಕ್ಕ ಕೊಟ್ಟ ಉತ್ತರ ಇಷ್ಟೇ. “ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಮೇಡಂ. ರಕ್ತ ಕೊಟ್ಟು ನೋಡೋಣ ಬನ್ನಿ.”

ಮೇಡಂ ಬಂದರು. ಹಟವೋ, ನಂಬಿಕೆಯೋ, ಅಂತೂ ಬಂದರು. ಇಬ್ಬರೂ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟರು. ಅಲ್ಲಿನ ತಂತ್ರಜ್ಞೆ ಚುರುಕಾದ ಹೆಂಗಸು. ರಕ್ತವೊಂದೇ ಸಾಲದು, ಮೈಗೆ ಹೆಚ್ಚಾಗಿ ಸೇರಿದ್ದು ಮೂತ್ರದಲ್ಲೂ ಕಾಣಿಸಬೇಕು ಎಂದು ಹೇಳಿ, ಇಪ್ಪತ್ತನಾಲ್ಕು ಗಂಟೆಯ ಮೂತ್ರ ಹಿಡಿದು ತರಲು ಐದು ಲೀಟರಿನ ಕ್ಯಾನು ಕೊಟ್ಟಳು. ಉಪ್ಪಕ್ಕ ಅದನ್ನು ಚೀಲದೊಳಗಿಟ್ಟು ಬಸ್ಸಿನಲ್ಲಿ ಒಯ್ಯುವಾಗ ಪಕ್ಕದಲ್ಲಿ ಕೂತವರು ಜೇನುತುಪ್ಪವೇ ಎಂದು ಕೇಳಿದರಂತೆ. ಹೌದೆನ್ನಲೂ ಆಗದೆ ಅಲ್ಲವೆನ್ನಲೂ ಆಗದೆ ಒಂದು ನಿಲ್ದಾಣ ಮೊದಲೇ ಇಳಿದರು.

ಆಮೇಲೆ ನಾಲ್ಕು ವಾರ, ವಾರಕ್ಕೆ ಮೂರು ಸಲ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಬ್ಬರೂ ಒಂದೊಂದು ತೊಟ್ಟಿಗೆ ಇಳಿದರು. ಊಟ, ನೀರು ಎಂದಿನಂತೆಯೇ ಇರಬೇಕು ಎಂದು ಲ್ಯಾಬಿನಾಕೆ ಹೇಳಿದ್ದಳು. ಸಾವಿರಾರು ಜನರನ್ನು ತೇಲಿಸಿದ್ದ ಉಪ್ಪಕ್ಕ ತಾವೇ ತೇಲಿದ್ದು ಅದೇ ಮೊದಲು. ಒರೆಸುವವಳಿಗೆ ಮಲಗಲು ಎಲ್ಲಿ ಪುರುಸೊತ್ತು ಎನ್ನುತ್ತಾರೆ.

ಮೊದಲ ದಿನ ಬೆರಳ ಬಿರುಕುಗಳು ಬೆಂಕಿಯಾದವು. ಹಲ್ಲು ಕಚ್ಚಿ ಮಲಗಿದರು. ಸ್ವಲ್ಪ ಹೊತ್ತಿಗೆ ಉರಿ ಇಳಿಯಿತು. ನೀರೆಲ್ಲಿ, ಮೈಯೆಲ್ಲಿ ಎಂಬ ಗಡಿಯೇ ತಿಳಿಯದಾಯಿತು. ತಮ್ಮದೇ ಉಸಿರು ಕೇಳುತ್ತಿತ್ತು, ಎದೆಬಡಿತ ಕೇಳುತ್ತಿತ್ತು. ಆ ನಿಶ್ಶಬ್ದದಲ್ಲಿ ಅವರಿಗೆ ನೆನಪಾಗಿದ್ದು ಗದ್ದಲ: ಶನಿವಾರದ ಮಧ್ಯಾಹ್ನಗಳು, ಬಕೆಟ್ಟಿನ ಸದ್ದು, ಹನ್ನೆರಡು ಕೋಣೆಗಳಿಂದ ಒಟ್ಟಿಗೆ ಬರುವ ಹಾಡು, ಸೋಪು ಯಾರದೆಂಬ ಜಗಳ, ಬಾಯ್ಲರಿನ ಬಾಯಿ ತೆರೆದಾಗ ಅಪ್ಪನ ಮುಖದ ಮೇಲೆ ಬೀಳುತ್ತಿದ್ದ ಕೆಂಪು. ಅಪ್ಪನ ಅಂಗಿಯಿಂದ ಬರುತ್ತಿದ್ದ ಕಲ್ಲಿದ್ದಲಿನ ವಾಸನೆಯೂ ಬಂದಂತಾಯಿತಂತೆ. “ಅಪ್ಪ ಹೋಗಿ ಇಪ್ಪತ್ತೆರಡು ವರ್ಷ ಆಯ್ತು. ಇಷ್ಟು ಹತ್ತಿರದಿಂದ ಒಂದು ದಿನಾನೂ ನೆನಪಾಗಿರಲಿಲ್ಲ. ಗಂಟೆ ಮುಗೀತು ಅಂತ ದೀಪ ಹತ್ತಿಕೊಂಡಾಗ ಕೋಪ ಬಂತು ನೋಡಿ ನನಗೆ.” ಅಳುವವರು ಒಳಗೆ ಯಾಕೆ ಅಳುತ್ತಾರೆಂದು ಅವರಿಗೆ ತಿಳಿದದ್ದು ಆವತ್ತು.

ನಾಲ್ಕು ವಾರದ ನಂತರ ಮತ್ತೆ ರಕ್ತ, ಮತ್ತೆ ಕ್ಯಾನು. ಈ ಸಲ ಯಜಮಾನರು ಆಟೋ ಮಾಡಿಕೊಟ್ಟರು. ಫಲಿತಾಂಶದ ಕಾಗದ ಉಪ್ಪಕ್ಕನ ಬಳಿ ಈಗಲೂ ಇದೆ, ನಾಲ್ಕಾಗಿ ಮಡಿಸಿದ್ದು. ಅವರ ರಕ್ತದ ಮೆಗ್ನೀಸಿಯಂ ಮೊದಲು ಒಂದು ಪಾಯಿಂಟ್ ಒಂಬತ್ತು, ಆಮೇಲೂ ಒಂದು ಪಾಯಿಂಟ್ ಒಂಬತ್ತು. ಮೂತ್ರದ್ದೂ ಹೆಚ್ಚುಕಡಿಮೆ ಇದ್ದಲ್ಲೇ. ಮೇಡಂ ಅವರದು ಎರಡು ಇದ್ದದ್ದು ಒಂದು ಪಾಯಿಂಟ್ ಒಂಬತ್ತಕ್ಕೆ ಬಂದಿತ್ತು.

ಹನ್ನೆರಡು ಸಲ ತೇಲಿ ಇಳಿದೇಹೋಯಿತಲ್ಲ ಎಂದು ಮೇಡಂ ಕಾಗದವನ್ನೇ ನೋಡುತ್ತ ಕೂತರು. ಅಷ್ಟು ವ್ಯತ್ಯಾಸ ದಿನದಿನಕ್ಕೂ ಇರುತ್ತದೆ, ಹೆದರಬೇಡಿ ಎಂದು ಲ್ಯಾಬಿನಾಕೆ ಸಮಾಧಾನ ಮಾಡಿದಳು. ದೇಹದ ಮೆಗ್ನೀಸಿಯಮ್ಮಿನಲ್ಲಿ ನೂರಕ್ಕೆ ಒಂದು ಪಾಲೂ ರಕ್ತದಲ್ಲಿ ಇರುವುದಿಲ್ಲ, ಮಿಕ್ಕಿದ್ದೆಲ್ಲ ಮೂಳೆ ಮಾಂಸಖಂಡದಲ್ಲಿ. ಇಬ್ಬರ ಕಾಗದ ಹಿಡಿದುಕೊಂಡು ಲೋಕಕ್ಕೆಲ್ಲ ತೀರ್ಪು ಕೊಡಬೇಡಿ ಎಂದೂ ಎಚ್ಚರಿಸಿದಳು. ಅವಳು ಹೇಳಿದ್ದರಲ್ಲಿ ಉಪ್ಪಕ್ಕನ ಮನಸ್ಸಿಗೆ ನಾಟಿದ್ದು ಇದು: ಏರುತ್ತದೆ ಎನ್ನಲು ನಮ್ಮ ಹತ್ತಿರ ಏನೂ ಇಲ್ಲ.

ಮಾರನೆಯ ಬೆಳಿಗ್ಗೆ ಉಪ್ಪಕ್ಕ ಬರುವಷ್ಟರಲ್ಲಿ ಮೇಡಂ ಏಣಿ ಹತ್ತಿ ನಿಂತಿದ್ದರು. ಫಲಕದ ತಿರುಪುಗಳನ್ನು ಉಪ್ಪು ತಿಂದಿತ್ತು, ಬಿಚ್ಚಲು ಇಬ್ಬರೂ ಬೇಕಾದರು. ಅದರ ಜಾಗಕ್ಕೆ ಏನು ಬರೆಸೋಣ ಎಂದು ಮೇಡಂ ಕೇಳಿದಾಗ ಉಪ್ಪಕ್ಕ ಹೇಳಿದ ಮಾತೇ ಈಗ ಬಾಗಿಲಲ್ಲಿದೆ: ‘ಬೆಚ್ಚಗಿನ ನೀರು. ಒಂದು ಗಂಟೆ ವಿಶ್ರಾಂತಿ. ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ.’ ಕೆಲವು ಗಿರಾಕಿಗಳು ಬಿಟ್ಟುಹೋದರು. ಹತ್ತು ಹನ್ನೊಂದು ಜನರಿದ್ದ ದಿನದ ಲೆಕ್ಕ ಆರಕ್ಕೆ ಬಿತ್ತು. ಮತ್ತೆ ಎಂಟಕ್ಕೆ ಬರಲು ಒಂದು ವರ್ಷ ಹಿಡಿಯಿತು. ಆ ವರ್ಷ ಮೇಡಂ ತಾವೂ ಬಟ್ಟೆ ಹಿಡಿದು ಗೋಡೆ ಒರೆಸಿದರು. ಫಲಕದ ಬಗ್ಗೆ ಒಂದು ದಿನವೂ ಎತ್ತಿ ಆಡಲಿಲ್ಲ ಎಂದು ಉಪ್ಪಕ್ಕ ಹೆಮ್ಮೆಯಿಂದ ಹೇಳುತ್ತಾರೆ.

ಮೂಟೆಮಾವ ಈಗಲೂ ಮಂಗಳವಾರ ಬರುತ್ತಾರೆ. ಒಳಗೆ ಬಿಡುವ ಮೊದಲು ಉಪ್ಪಕ್ಕ ಕೈ ಚಾಚುತ್ತಾರೆ. ಮಾವ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಬೇಕು. ಆವತ್ತಿನ ಗುಳಿ ಖಾಲಿಯಿದ್ದರೆ ಮಾತ್ರ ಟವೆಲ್. “ನಿಮ್ಮಪ್ಪ ಇಷ್ಟು ಜೋರಿರಲಿಲ್ಲ” ಎಂದು ಮಾವ ಗೊಣಗುತ್ತಾರೆ. ಗೊಣಗುತ್ತಲೇ ತೊಟ್ಟಿಗೆ ಇಳಿಯುತ್ತಾರೆ. ಮೀನಖಂಡದ ಸೆಳೆತ ಮಾತ್ರೆಯಿಂದ ಹತೋಟಿಯಲ್ಲಿದೆಯಂತೆ. ಹಾಗಾದರೆ ಇಲ್ಲಿಗೆ ಬರುವುದು ಯಾಕೆ ಎಂದರೆ, ಬಾರದೆ ಇರಲು ಕಾರಣ ಬೇಕಲ್ಲ ಎನ್ನುತ್ತಾರೆ.

ಈ ಬೆಳಗಿನ ಮೊದಲ ಗಿರಾಕಿ ಹೊಸಬರು, ಶಾಲೆಯ ಮೇಷ್ಟ್ರು. ಮೆಗ್ನೀಸಿಯಂ ಮೈಗೆ ಹೋಗುತ್ತದಂತಲ್ಲ, ಎಲ್ಲೋ ಓದಿದೆ ಎನ್ನುತ್ತಾರೆ. ಉಪ್ಪಕ್ಕ ಟವೆಲ್ ಮಡಿಸುತ್ತಲೇ, ಹೋಗುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ, ತನ್ನದಂತೂ ಏರಲಿಲ್ಲ ಎನ್ನುತ್ತಾರೆ. “ನೀರು ಚೊಕ್ಕಟವಾಗಿದೆ, ಹದವಾಗಿದೆ. ಅಷ್ಟಕ್ಕೆ ನಾನು ಜವಾಬ್ದಾರಿ.” ಮೇಷ್ಟ್ರು ನಕ್ಕು ಒಳಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ.

ಸ್ಟೂಲಿನ ಮೇಲೆ ಕೂತ ಉಪ್ಪಕ್ಕನನ್ನು, ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದರೆ ಮೊದಲು ಇಲ್ಲವೆನ್ನುತ್ತಾರೆ. ಆಮೇಲೆ, ಯಾರಿಗೂ ಹೇಳಬೇಡಿ ಎಂಬ ಮುಖ ಮಾಡಿ, ಐವತ್ತೆಂಟು ವರ್ಷವಾದರೂ ತನಗೆ ಈಜು ಬರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತಾರೆ. ಊರಿನ ಈಜುಕೊಳದಲ್ಲಿ ಗುರುವಾರ ಹೆಂಗಸರಿಗೆ ಕಲಿಸುತ್ತಾರಂತೆ. ಕಳೆದ ತಿಂಗಳು ಹೆಸರು ಬರೆಸಿದ್ದಾರೆ, ಯಜಮಾನರಿಗೂ ಇನ್ನೂ ಹೇಳಿಲ್ಲ. ಮೂರು ಪಾಠವಾಗಿದೆ. ಮೂರರಲ್ಲೂ ಮುಳುಗಿದ್ದಾರೆ.

“ಇಲ್ಲಿ ಎಲ್ಲರನ್ನೂ ಉಪ್ಪೇ ಎತ್ತುತ್ತೆ, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿಲ್ಲ. ಬರೀ ನೀರಲ್ಲಿ ನನ್ನ ಮೈ ನಾನೇ ಎತ್ಕೊಂಡು ಹೋಗ್ಬೇಕು, ಒಂದೇ ಒಂದ್ಸಲ. ಈ ದಡದಿಂದ ಆ ದಡಕ್ಕೆ. ಅಷ್ಟಾದ್ರೆ ಸಾಕು.”